ಎಂಟು ಕಿಲೋ ಮತ್ತು ಕೊಸರು

ಬೆಂಗೇರಿ ಸಂತೆಯ ಬದಿಗೆ ಕಾಳುಕಡಿ ಅಂಗಡಿ ಇಟ್ಟುಕೊಂಡಿರುವ ರಾಜಶೇಖರನಿಗೆ ಒಂದು ಚಟ. ಕುಡಿತವಲ್ಲ, ಇಸ್ಪೀಟೂ ಅಲ್ಲ. ತೂಕ ಮುಗಿದ ಮೇಲೆ ಕೊಸರು ಹಾಕುವ ಚಟ. ಎರಡು ಕಿಲೋ ಹೆಸರು ಕೇಳಿದವರಿಗೆ ಸರಿಯಾಗಿ ಎರಡು ಕಿಲೋ ತೂಗುತ್ತಾನೆ. ತೂಕದ ಕಾಟಾದಲ್ಲಿ ಅಂಕಿ ನಿಂತ ಮೇಲೆ, ಚೀಲದ ಬಾಯಿ ಕಟ್ಟುವ ಮೊದಲು, ಇನ್ನಷ್ಟು ಹಾಕದಿದ್ದರೆ ಅವನ ಕೈ ತುರಿಸುತ್ತದೆ. ಕೊಸರು ಹಾಕುವುದು ಎಲ್ಲ ಅಂಗಡಿಯವರಿಗೂ ಗೊತ್ತು. ಆದರೆ ಉಳಿದವರದು ನಾಲ್ಕು ಕಾಳು, ಇವನದು ಬೊಗಸೆ. "ಇಷ್ಟ್ಯಾಕ್ರಿ?" ಎಂದು ಗಿರಾಕಿಯೇ ನಾಚಿಕೊಂಡರೆ, "ಇರ್ಲಿ ತಗೋರಿ, ಕೊಸರು ತೂಕದಾಗ ಹಿಡಿಯೂದಿಲ್ಲ" ಎನ್ನುತ್ತಾನೆ.

ಹೆಂಡತಿ ರಜನಿ ಅಲ್ಲೇ ಹತ್ತಿರದ ಶಾಲೆಯಲ್ಲಿ ಗಣಿತ ಕಲಿಸುವವಳು. ಗಂಡನ ಈ ಗಣಿತ ಅವಳಿಗೆ ಇಪ್ಪತ್ತು ವರ್ಷವಾದರೂ ತಲೆಗೆ ಹತ್ತಿಲ್ಲ. ಅದಕ್ಕಿಂತ ದೊಡ್ಡ ತಕರಾರು ಅವನ ಅಂಗಿಯ ಜೇಬುಗಳದು. ದಿನವಿಡೀ ಮಾದರಿ ನೋಡುತ್ತ ಜೇಬಿಗಿಳಿಸಿದ ಜೋಳ, ಹೆಸರು, ಕಡಲೆ ಎಲ್ಲ ಬಟ್ಟೆ ಒಗೆಯುವ ಮಷೀನಿನೊಳಗೆ ಹೋಗುತ್ತದೆ. ಒಮ್ಮೆ ದಸರೆ ರಜೆಗೆ ತವರಿಗೆ ಹೋಗಿ ಬರುವಷ್ಟರಲ್ಲಿ ಮಷೀನಿನ ಬಾಯಲ್ಲಿ ಹೆಸರು ಮೊಳಕೆ ಒಡೆದಿತ್ತು. ಆವತ್ತಿನಿಂದ ಅಂಗಿ ಬಿಚ್ಚಿದ ಕೂಡಲೇ ಜೇಬು ಝಾಡಿಸಿ ಕೊಡಬೇಕೆಂಬ ಕಾನೂನು ಬೈರಿದೇವರಕೊಪ್ಪದ ಆ ಮನೆಯಲ್ಲಿ ಜಾರಿಯಲ್ಲಿದೆ.

ಇಂಥ ಮನುಷ್ಯನ ಮುಂದೆ ಒಂದು ಸಂಜೆ ಮಗಳು ಸೌಂದರ್ಯಾ ಒಂದು ಹಾಳೆ ತಂದಿಟ್ಟಳು.

ಅವಳು ಧಾರವಾಡದ ಕಾಲೇಜಿಗೆ ಸೇರಿ ತಿಂಗಳಾಗಿತ್ತು. ಆ ಕಾಲೇಜಿನವರು ಹೊಸ ಮಕ್ಕಳನ್ನು ಸಭಾಂಗಣದಲ್ಲಿ ಕೂಡಿಸಿ ಭಾಷಣ ಹೊಡೆಯುವುದಿಲ್ಲ, ಮಳೆ ಹಿಂದೆ ಸರಿದ ಮೇಲೆ ದಾಂಡೇಲಿ ಕಡೆಯ ಕಾಡಿಗೆ ಕರೆದುಕೊಂಡು ಹೋಗುತ್ತಾರೆ. ನಾಲ್ಕು ದಿನ ನಡೆಯಬೇಕು, ತಮ್ಮ ಗಂಟು ತಾವೇ ಬೆನ್ನ ಮೇಲೆ ಹೊರಬೇಕು, ಕಟ್ಟಿಗೆ ಒಲೆಯ ಮೇಲೆ ತಾವೇ ಬೇಯಿಸಿ ಉಣ್ಣಬೇಕು, ಡೇರೆ ಹಾಕಿ ಮಲಗಬೇಕು. ಹೀಗೆ ಒಟ್ಟಿಗೆ ದಣಿದವರು ಮುಂದೆ ನಾಲ್ಕು ವರ್ಷ ಒಬ್ಬರಿಗೊಬ್ಬರು ಆಗುತ್ತಾರೆ ಎಂಬುದು ಅವರ ಲೆಕ್ಕಾಚಾರ. ಹಾಳೆಯಲ್ಲಿ ಒಯ್ಯಬೇಕಾದ ಸಾಮಾನಿನ ಪಟ್ಟಿ ಇತ್ತು. ಕೊನೆಗೆ ಎರಡು ಮಾತಿನ ಕೆಳಗೆ ಗೆರೆ ಎಳೆದಿದ್ದರು: ಬ್ಯಾಗಿನ ತೂಕ ಎಂಟು ಕಿಲೋ ಮೀರಬಾರದು, ಹೊರಡುವ ಮೊದಲಿನ ರವಿವಾರ ತುಂಬಿದ ಬ್ಯಾಗಿನೊಂದಿಗೆ ಎಂಟು ಕಿಲೋಮೀಟರಿನ ತಾಲೀಮು ನಡಿಗೆ ಇರುತ್ತದೆ.

ರಜನಿ ಓದಿದವಳೇ ಒಪ್ಪಿಗೆಯ ಜಾಗದಲ್ಲಿ ಸಹಿ ಹಾಕಿದಳು. ರಾಜಶೇಖರ ಮೂರು ಸಲ ಓದಿದ.

"ಅಲ್ಲೆ ಜ್ವರ ಬಂದ್ರ?" ಎಂದ.

"ಗುಳಿಗಿ ತಗೋತಾಳ," ಎಂದಳು ರಜನಿ.

"ಹಸಿವಾದ್ರ?"

"ಉಣ್ತಾಳ."

"ಅಂಜಿಕಿ ಬಂದ್ರ?"

"ಅಂಜತಾಳ. ಆಮ್ಯಾಲ ಅಂಜಿಕಿ ಹೋಗ್ತೈತಿ. ನೀವು ಚಹಾ ಕುಡೀರಿ, ಆರಾಕತ್ತೈತಿ."

ಸೌಂದರ್ಯಾ ನಕ್ಕಳು. ರಾಜಶೇಖರನಿಗೆ ನಗು ಬರಲಿಲ್ಲ. ಅವನ ಭಯಕ್ಕೆ ಹದಿನೆಂಟು ವರ್ಷ ವಯಸ್ಸಾಗಿತ್ತು, ಮಗಳ ವಯಸ್ಸೇ ಅದಕ್ಕೂ.

ಸೌಂದರ್ಯಾ ಏಳು ತಿಂಗಳಿಗೆ ಹುಟ್ಟಿದವಳು. ಆಸ್ಪತ್ರೆಯಿಂದ ಮನೆಗೆ ತಂದಾಗ ಒಂದೂ ಮುಕ್ಕಾಲು ಕಿಲೋ. ಕೈಯಲ್ಲಿ ಹಿಡಿದರೆ ಹಿಡಿದಂತೆಯೇ ಅನಿಸುತ್ತಿರಲಿಲ್ಲ. ವಾರಕ್ಕೊಮ್ಮೆ ತೂಕ ನೋಡುತ್ತಿರಿ ಎಂದು ಡಾಕ್ಟರು ಹೇಳಿದ್ದರು. ತೂಗುವುದು ಯಾರಿಗೂ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ ಆ ಮನೆಯಲ್ಲಿ. ಪ್ರತಿ ಸೋಮವಾರ ಅಂಗಡಿಯ ಬಾಗಿಲು ತೆಗೆದು, ಹಿತ್ತಾಳೆ ತಕ್ಕಡಿಗೆ ವಿಭೂತಿ ಹಚ್ಚಿ, ಒಗೆದ ಧೋತರ ಹಾಸಿ ಅದರಲ್ಲಿ ಕೂಸನ್ನು ಮಲಗಿಸುತ್ತಿದ್ದ. ಆ ಬದಿಗೆ ತೂಕದ ಕಲ್ಲು, ಈ ಬದಿಗೆ ಮಗಳು. ತೂಕ ನೋಡಿಯಾದ ಮೇಲೆ ಒಂದು ಬೊಗಸೆ ಹೆಸರನ್ನು ಕೂಸಿನ ಪಕ್ಕಕ್ಕೆ ಸುರಿಯುತ್ತಿದ್ದ. ಮಗಳ ತಟ್ಟೆ ಚೂರು ಕೆಳಗಿಳಿಯುತ್ತಿತ್ತು. ಅದು ಸುಳ್ಳು ಎಂದು ಅವನಿಗೂ ಗೊತ್ತಿತ್ತು, ಆದರೆ ಅಷ್ಟು ಕಂಡರೆ ಸಾಕು, ಆ ವಾರ ಅವನಿಗೆ ಉಂಡದ್ದು ಮೈಗೆ ಹತ್ತುತ್ತಿತ್ತು.

ಈಗ ಅವಳು ನಲವತ್ತೆರಡು ಕಿಲೋ. ಎತ್ತರಕ್ಕೆ ಕಡಿಮೆಯೇ. ಮೆಟ್ಟಿಲು ಓಡಿ ಹತ್ತಿದರೆ ಚಿಕ್ಕವಳಿದ್ದಾಗ ಎದೆ ಗೊರಗೊರ ಎನ್ನುತ್ತಿತ್ತು. ಈಗ ಎನ್ನುವುದಿಲ್ಲ, ಆದರೆ ಅಪ್ಪನ ಕಿವಿಗೆ ಇನ್ನೂ ಕೇಳಿಸುತ್ತದೆ.

ತಯಾರಿ ಶುರುವಾಯಿತು. ದುರ್ಗದಬೈಲಿನ ಪೇಟೆಯಲ್ಲಿ ಬ್ಯಾಗು ಕೊಂಡರು. ಅಂಗಡಿಯ ಪಕ್ಕದಲ್ಲಿ ತಾಡಪತ್ರಿ, ಗೋಣಿಚೀಲ ಹೊಲಿಯುವ ಶರೀಫಸಾಬ ಅದರ ಪಟ್ಟಿಗಳನ್ನು ಎಳೆದು ನೋಡಿ, ಮುಖ ಸಿಂಡರಿಸಿ, ಮೇಣದ ದಾರದಿಂದ ಎರಡೆರಡು ಹೊಲಿಗೆ ಹಾಕಿ ಕೊಟ್ಟ. ಸೌಂದರ್ಯಾ ದಿನಾ ಸಂಜೆ ಬ್ಯಾಗು ಹೊತ್ತುಕೊಂಡು ಅಂಗಡಿಗೆ ಬರುವಳು, ಕಾಟಾದ ಮೇಲೆ ಇಡುವಳು. ಒಂಬತ್ತೂವರೆ. ಒಂದು ಅಂಗಿ ತೆಗೆಯುವಳು, ಟವೆಲು ಅರ್ಧ ಕತ್ತರಿಸುವಳು, ಸಾಬೂನನ್ನು ಚಾಕುವಿನಿಂದ ಎರಡು ಹೋಳು ಮಾಡುವಳು. ಮರುದಿನ ಒಂಬತ್ತು. ಹೋಳಾದ ಸಾಬೂನಿನ ಬಗ್ಗೆ ರಾಜಶೇಖರನಿಗೆ ಬಹಳ ಕೆಡುಕೆನಿಸಿತು. ಜೀವಮಾನವೆಲ್ಲ ತೂಕಕ್ಕೆ ಮೇಲೆ ಹಾಕಿದ ಮನುಷ್ಯ ಅವನು, ತೂಕಕ್ಕಾಗಿ ತೆಗೆಯುವುದನ್ನು ಕುಳಿತು ನೋಡಬೇಕಾಯಿತು.

ಶನಿವಾರ ಸಂಜೆ ಅಂಕಿ ಸರಿಯಾಗಿ ಎಂಟಕ್ಕೆ ನಿಂತಿತು. ಸೌಂದರ್ಯಾ ಚಪ್ಪಾಳೆ ಹೊಡೆದಳು.

"ಇನ್ನ ಒಂದು ಸೂಜೀನೂ ಹಾಕಂಗಿಲ್ಲ, ಅಪ್ಪಾ. ತಿಳೀತಿಲ್ಲೋ?"

"ಹೂಂ," ಎಂದ ರಾಜಶೇಖರ.

ಈ ಹೂಂ ಎಂಥದೆಂದು ರಜನಿಯಾಗಿದ್ದರೆ ಅಲ್ಲೇ ಹಿಡಿಯುತ್ತಿದ್ದಳು. ವಾರದಿಂದ ಅಂಗಡಿಯ ಗಲ್ಲಾದ ಹಿಂದೆ ಒಂದು ಬಟ್ಟೆಯ ಚೀಲ ಬೆಳೆಯುತ್ತಿತ್ತು. ಪಟ್ಟಿಯಲ್ಲಿ ಬರೆಯಲು ಆ ಕಾಲೇಜಿನವರು ಮರೆತದ್ದೆಲ್ಲ ಅದರಲ್ಲಿತ್ತು. ರವಿವಾರ ಬೆಳಗ್ಗೆ ಮಗಳು ಸ್ನಾನಕ್ಕೆ ಹೋದಾಗ ಅವನು ಬ್ಯಾಗಿನ ತಳದ ಖಾನೆ ತೆಗೆದು, ಸುತ್ತಿಟ್ಟ ಹಾಸಿಗೆಯ ನಡುವೆ ಆ ಚೀಲವನ್ನು ತುರುಕಿ, ಮೊದಲಿನಂತೆ ಸುತ್ತಿದ. ಕೊಸರು ತೂಕದಾಗ ಹಿಡಿಯೂದಿಲ್ಲ, ಎಂದು ತನಗೆ ತಾನೇ ಹೇಳಿಕೊಂಡ.

ಹೊರಡುವಾಗ ಸೌಂದರ್ಯಾ ಬ್ಯಾಗು ಎತ್ತಿ ತಡೆದು ನಿಂತಳು. "ಇವತ್ತ ಯಾಕೋ ಒಜ್ಜಿ ಅನಸಾಕತ್ತೈತಲ್ಲ."

"ನಿದ್ದಿಗಣ್ಣಾಗ ಹಂಗ ಅನಸ್ತೈತಿ," ಎಂದ ಅಪ್ಪ.

ಅವಳು ನಂಬಿದಳು.

ಮಧ್ಯಾಹ್ನ ಮೂರಕ್ಕೆ ಬರಬೇಕಾದವಳು ಒಂದಕ್ಕೇ ಬಂದಳು. ಬ್ಯಾಗನ್ನು ಬಾಗಿಲಲ್ಲೇ ಇಳಿಸಿದಳು. ಎಡಗಡೆಯ ಪಟ್ಟಿ ಕಿತ್ತು ನೇತಾಡುತ್ತಿತ್ತು. ಮುಖ ತೊಳೆದು ಬಂದು ಅಡಿಗೆಮನೆಯ ಕಟ್ಟೆಗೆ ಬೆನ್ನು ಹಚ್ಚಿ ಕೂತು, ಯಾರ ಮುಖವನ್ನೂ ನೋಡದೆ ಹೇಳಿದಳು. ಕೆಲಗೇರಿ ಕೆರೆಯವರೆಗೆ ಸರಿಯಾಗಿಯೇ ನಡೆದಿದ್ದಳಂತೆ. ಗುಡ್ಡ ಹತ್ತುವಾಗ ಹಿಂದೆ ಬಿದ್ದಳು. ಮೂರು ಸಲ ಕೂತಳು. ಮೂರನೆಯ ಸಲ ಪಟ್ಟಿ ಹರಿಯಿತು, ಜೊತೆಗೆ ಬಂದಿದ್ದ ವಿಶಾಲ ಸರ್ ಅವಳ ಬ್ಯಾಗನ್ನು ತಾವೇ ಹೊತ್ತು ರಸ್ತೆಗೆ ತಂದು, ಅಲ್ಲಿಂದಲೇ ಮನೆಗೆ ಕಳಿಸಿದರು. ನಲವತ್ತು ಮಂದಿಯಲ್ಲಿ ಬ್ಯಾಗು ಬೇರೆಯವರ ಬೆನ್ನೇರಿದ್ದು ಅವಳೊಬ್ಬಳದೇ.

"ಮಂಗಳವಾರತನಕ ವಿಚಾರ ಮಾಡಿ ಹೇಳು ಅಂದಾರ ಸರ್," ಎಂದಳು. "ನಾ ಹೋಗೂದಿಲ್ಲ. ನನಗ ಆಗೂದಿಲ್ಲ ಅದು." ಆಮೇಲೆ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು.

ರಜನಿ ಅವಳ ಪಕ್ಕ ಕೂತು ಬೆನ್ನ ಮೇಲೆ ಕೈ ಇಟ್ಟಳು. ರಾಜಶೇಖರ ಒಲೆಯ ಮುಂದೆ ನಿಂತಿದ್ದ. ಅವನಿಗೆ ಮೊದಲು ಆದದ್ದು ಸಂತೋಷ. ಇದನ್ನು ಮುಚ್ಚಿಟ್ಟು ಏನು ಮಾಡುವುದು? ಮಗಳು ಮನೆಯಲ್ಲೇ ಇರುತ್ತಾಳೆ, ತನ್ನ ಹಾಸಿಗೆಯಲ್ಲೇ ಮಲಗುತ್ತಾಳೆ ಎಂದು ಎದೆಯಲ್ಲಿ ತಣ್ಣಗೆ ಇಳಿಯಿತು. "ಹೋಗ್ಲಿ ಬಿಡವ್ವಾ," ಎಂದು ಶುಂಠಿ ಹಾಕಿ ಚಹಾ ಮಾಡಿ ಕೊಟ್ಟ. ಅವಳು ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿಯುವುದನ್ನು ನೋಡುವಾಗ ಆ ತಂಪು ಎಲ್ಲಿಗೋ ಹೋಯಿತು, ಅವನು ತನ್ನ ಲೋಟವನ್ನು ಹಾಗೇ ಕೆಳಗಿಟ್ಟ.

ಸೋಮವಾರ ಬೆಳಗ್ಗೆ, ಪಟ್ಟಿ ಹೊಲಿಸಿ ತರುತ್ತೇನೆಂದು ಬ್ಯಾಗನ್ನು ಅಂಗಡಿಗೆ ಒಯ್ದ. ನಿಜವಾದ ಉದ್ದೇಶ ಬೇರೆ. ಆ ಬಟ್ಟೆಯ ಚೀಲ ಯಾರ ಕಣ್ಣಿಗೂ ಬೀಳದಂತೆ ಹೊರಗೆ ಬರಬೇಕಿತ್ತು. ಆದರೆ ಅವನು ಬೀಗ ತೆಗೆಯುವಷ್ಟರಲ್ಲಿ ಶರೀಫಸಾಬ ಬಂದು ಬ್ಯಾಗಿಗೆ ಕೈ ಹಾಕಿ, ಎತ್ತಿ, ಹಾಗೇ ಕೆಳಗಿಟ್ಟ. ಹರಿದ ಪಟ್ಟಿಯನ್ನು ಕನ್ನಡಕದ ಹತ್ತಿರ ಹಿಡಿದ.

"ಸಾವ್ಕಾರ್ರ, ಇದರಾಗ ಎಷ್ಟೈತ್ರಿ?"

"ಎಂಟು."

"ನಲವತ್ತು ವರ್ಷ ಚೀಲಾ ಹೊಲದೇನ್ರಿ ನಾ. ಹಳೇ ದಾರ ಹೆಂಗ ಹರೀತೈತಿ, ಹೆಚ್ಚಿಗಿ ತುಂಬಿದ್ದಕ್ಕ ಹೆಂಗ ಹರೀತೈತಿ, ಬೆರಳಿಗೆ ಗೊತ್ತಾಕ್ಕೈತಿ. ಎಂಟಕ್ಕ ಹರಿಯೂದಲ್ಲ ಇದು."

ರಾಜಶೇಖರ ಶಟರ್ ಅರ್ಧಕ್ಕೆ ಏರಿಸಿ ಬೀಗವನ್ನು ಜೇಬಿಗಿಳಿಸಿದ.

"ಹುಡುಗಿ ಏನಂತಾಳ?" ಎಂದು ಕೇಳಿದ ಶರೀಫಸಾಬ.

"ತನ್ನ ಮೈಯಾಗ ತಾಕತ್ತಿಲ್ಲ ಅಂತಾಳ."

ಶರೀಫಸಾಬ ಸೂಜಿಗೆ ದಾರ ಪೋಣಿಸಿದ, ಮೇಣ ಉಜ್ಜಿದ, ನಿಧಾನವಾಗಿ ಹೊಲಿದು ಗಂಟು ಹಾಕಿದ. "ಬ್ಯಾಗ್ ಆತ್ರಿ," ಎಂದ. "ಆಕಿಗೆ ನೀವ ಹೇಳಬೇಕು. ನಾ ಹೇಳಿದ್ರ ಛಲೋ ಕಾಣೂದಿಲ್ಲ."

ಯಾರೂ ಹೇಳದಿದ್ದರೂ ನಡೆಯುತ್ತಿತ್ತು. ಅದೇ ಕಷ್ಟವಾಗಿತ್ತು. ಚೀಲ ತೆಗೆದು ಗಲ್ಲಾದ ಹಿಂದೆ ಇಟ್ಟರೆ ಮುಗಿಯಿತು. ಮಗಳು ಮನೆಯಲ್ಲಿರುತ್ತಾಳೆ, ಯಾರಿಗೂ ತಿಳಿಯುವುದಿಲ್ಲ. ಆದರೆ ತನಗೆ ಆಗುವುದಿಲ್ಲ ಎಂಬ ಮಾತನ್ನು ಅವಳು ನಾಳೆಯೂ ಹೊರುತ್ತಾಳೆ, ಹತ್ತು ವರ್ಷದ ಮೇಲೂ ಹೊರುತ್ತಾಳೆ. ಅದನ್ನು ಅವಳ ಬೆನ್ನಿಗೆ ಹಾಕಿದವನು ತಾನು. ಒಂದು ತಾಸು ಗಿರಾಕಿಗಳಿಗೆ ಕೊಸರಿಲ್ಲದೆ ತೂಗಿದ. ಒಬ್ಬ ಮುದುಕಿ ಮೈಯಲ್ಲಿ ಆರಾಮಿಲ್ಲವೇನಪ್ಪ ಎಂದು ಕೇಳಿದಳು. ಆಮೇಲೆ ಮಗಳಿಗೆ ಫೋನು ಮಾಡಿದ.

ಸೌಂದರ್ಯಾ ಕಾಲಿಗೆ ಬೊಬ್ಬೆಯೆದ್ದು ಆ ದಿನ ಕಾಲೇಜಿಗೆ ಹೋಗಿರಲಿಲ್ಲ. ಕುಂಟುತ್ತ ಬಂದಳು. ರಾಜಶೇಖರ ಏನೂ ಮಾತಾಡದೆ ಬ್ಯಾಗನ್ನು ಎತ್ತಿ ಕಾಟಾದ ಮೇಲಿಟ್ಟ. ಹತ್ತು ಕಿಲೋ ಆರು ನೂರು.

ಅವಳು ಅಂಕಿ ನೋಡಿದಳು. ಕಾಟಾ ಕೆಟ್ಟಿದೆಯೇನೋ ಎಂಬಂತೆ ಒಮ್ಮೆ ತಟ್ಟಿ ನೋಡಿದಳು. ಅವನು ತಳದ ಖಾನೆ ತೆಗೆದು, ಹಾಸಿಗೆ ಬಿಚ್ಚಿ, ಬಟ್ಟೆಯ ಚೀಲ ಹೊರಗೆಳೆದ. ಅಂಗಡಿಕಾರರು ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅವನ ಬಾಯಿಗೂ ಅದೇ ಬಂತು.

"ಲಾಭ," ಎಂದು ಶೇಂಗಾ ಉಂಡಿಯ ಡಬ್ಬಿ ಇಟ್ಟ. "ಎರಡು," ಬೆಲ್ಲದ ಹೆಂಟೆ. "ಮೂರು," ಮೂರು ಸೆಲ್ಲಿನ ಸ್ಟೀಲಿನ ಬ್ಯಾಟರಿ, ಅವನ ಅಪ್ಪನ ಕಾಲದ್ದು. "ನಾಕು," ಹೆಸರಿನ ಪುಟ್ಟ ಗಂಟು. ಐದನೆಯದನ್ನು ತೆಗೆಯಲು ಅವನಿಗೇ ನಾಚಿಕೆಯಾಯಿತು. ಅದು ತೆಂಗಿನಕಾಯಿ.

"ಕಾಯಿ?" ಎಂದಳು ಸೌಂದರ್ಯಾ.

"ಕಾಡಿನಾಗ ಯಾವುದಾರ ದೇವರು ಕಂಡ್ರ ಒಡೀಲಿ ಅಂತ."

ಬೇರೆ ಹೊತ್ತಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಈಗ ಕಾಯಿಯನ್ನು ಪಕ್ಕಕ್ಕೆ ಸರಿಸಿದಳು. "ನಿನ್ನೆ ನಾ ಅಳಾಕತ್ತಾಗ ನಿನಗ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದೂ ಚಹಾ ಮಾಡಿ ಕೊಟ್ಟಿ."

"ಹೌದವ್ವಾ. ನೀ ಹೋಗೂದಿಲ್ಲ ಅಂದಾಗ ನನಗ ಸಂತೋಷ ಆತು. ಖರೇ ಹೇಳ್ತೇನಿ. ನಾಚಿಕಿ ಆಮ್ಯಾಲ ಬಂತು, ಮೊದಲ ಬಂದಿದ್ದು ಸಂತೋಷನ."

"ನಾ ಏನಂತ ತಿಳಕೊಂಡಿದ್ದೆ ಗೊತ್ತೇನು?" ಅವಳ ದನಿ ಏರಿತು, ಶರೀಫಸಾಬನ ಮಷೀನು ನಿಂತಿತು. "ಏಳು ತಿಂಗಳಿಗೆ ಹುಟ್ಟಿದಾಕಿ, ನನ್ನ ಕೈಲೆ ಇಷ್ಟ ಆಗೂದು ಅಂತ ತಿಳಕೊಂಡಿದ್ದೆ. ಆ ಕಲ್ಲಿನ ಮ್ಯಾಲ ಕುಂತು ಅದನ್ನ ವಿಚಾರ ಮಾಡಿದೆ. ಎಲ್ಲಾರೂ ಮುಂದ ಹೋಗಾಕತ್ತಿದ್ರು, ಅಪ್ಪಾ."

ರಾಜಶೇಖರ ತಲೆ ಎತ್ತಲಿಲ್ಲ. "ತಪ್ಪಾತು. ನಿನ್ನ ತಾಕತ್ತ ಕಡಿಮಿ ಇಲ್ಲ. ನನ್ನ ಧೈರ್ಯ ಕಡಿಮಿ ಐತಿ," ಎಂದ.

ಅವಳು ಬ್ಯಾಗು ಬೆನ್ನಿಗೇರಿಸಿಕೊಂಡು ಹೋದಳು. ರಾತ್ರಿ ಊಟದಲ್ಲಿ ಅವನೊಂದಿಗೆ ಮಾತಾಡಲಿಲ್ಲ. ವಿಷಯ ಕೇಳಿದ ರಜನಿಯೂ ಮಾತಾಡಲಿಲ್ಲ, ಆದರೆ ಅವನ ತಾಟಿಗೆ ಎರಡನೆಯ ರೊಟ್ಟಿ ಹಾಕುವುದನ್ನು ಮರೆಯಲಿಲ್ಲ.

ಮಂಗಳವಾರ ಮುಂಜಾನೆ ಆರಕ್ಕೆ ಅವನು ವಿಭೂತಿ ಹಚ್ಚಿಕೊಂಡು ಹೊರಬಂದರೆ, ಸೌಂದರ್ಯಾ ಬೊಬ್ಬೆಗಳಿಗೆ ಪಟ್ಟಿ ಸುತ್ತಿ, ಬೂಟು ಕಟ್ಟಿಕೊಂಡು, ಬ್ಯಾಗು ಹೊತ್ತು ನಿಂತಿದ್ದಳು.

"ನೃಪತುಂಗ ಬೆಟ್ಟಕ್ಕ ಹೊಂಟೇನಿ. ಬರ್ತಿಯೇನು?"

ಬೈರಿದೇವರಕೊಪ್ಪದಿಂದ ಬೆಟ್ಟ ದೂರವೇನಲ್ಲ, ಆದರೆ ರಾಜಶೇಖರ ಅಂಗಡಿಯಲ್ಲಿ ಕೂತು ಕೂತು ಬೆಳೆದ ಮನುಷ್ಯ. ಉಣಕಲ್ ದಾಟುವಷ್ಟರಲ್ಲಿ ಬೆವರು ಇಳಿಯಿತು. ಏರು ಹತ್ತಿದಾಗ ಉಸಿರು ಕಟ್ಟಿತು. ಬರಿಗೈಯಲ್ಲಿದ್ದ ಅವನು ಮೂರು ಸಲ ಕೂತ. ಎಂಟು ಕಿಲೋ ಹೊತ್ತ ಮಗಳು ಒಮ್ಮೆಯೂ ಕೂರಲಿಲ್ಲ. ಮೂರನೆಯ ಸಲ ಕೂತಾಗ ಕಿವಿಗೊಟ್ಟು ಕೇಳಿದ. ಗೊರಗೊರ ಎನ್ನುತ್ತಿದ್ದದ್ದು ತನ್ನ ಎದೆಯೇ. ಮೇಲಿನ ತಿರುವಿನಲ್ಲಿ ಅವಳು ನಿಂತು, ಸೊಂಟದ ಪಟ್ಟಿ ಬಿಗಿ ಮಾಡಿಕೊಂಡು, ಕೆಳಗೆ ನೋಡಿ ಕೂಗಿದಳು.

"ಏಳಪ್ಪಾ! ನಿನ್ನ ಹೊರಾಕ ಆಗೂದಿಲ್ಲ ನನಗ, ಎಂಟರ ಮ್ಯಾಲ ಹೊರಂಗಿಲ್ಲ!"

ಅವಳು ನಗುತ್ತಿದ್ದಳು. ರಾಜಶೇಖರನ ಕಣ್ಣು ತುಂಬಿ ಬೆಟ್ಟ ಮಸುಕಾಯಿತು. ಬೆವರು ಒರೆಸುವ ನೆಪದಲ್ಲಿ ಒರೆಸಿಕೊಂಡು ಎದ್ದ. ಅವನು ಮೇಲೆ ಮುಟ್ಟುವಷ್ಟರಲ್ಲಿ ಅವಳು ವಿಶಾಲ ಸರ್ ಅವರಿಗೆ ಫೋನು ಮಾಡಿ, ಬರುತ್ತೇನೆ ಎಂದು ಹೇಳಿ ಮುಗಿಸಿದ್ದಳು.

ಗುರುವಾರ ಮಗಳನ್ನು ಕಳಿಸಲು ಕಾಲೇಜಿಗೆ ಹೊರಡುವ ಮೊದಲು ರಜನಿ ಹೇಳುವುದಕ್ಕಿಂತ ಮುಂಚೆ ರಾಜಶೇಖರ ತಾನೇ ಜೇಬುಗಳ ಒಳಮಗ್ಗುಲನ್ನು ಹೊರಗೆಳೆದು ಇಬ್ಬರಿಗೂ ತೋರಿಸಿದ. ಖಾಲಿ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಮನೆಯಿಂದ ಏನೂ ಇಲ್ಲದೆ ಹೊರಟ.

ಕಾಲೇಜಿನ ಅಂಗಳದಲ್ಲಿ ಬೇವಿನ ಮರದ ಟೊಂಗೆಗೆ ಮುಳ್ಳಿನ ಕಾಟಾ ನೇತು ಹಾಕಿದ್ದರು. ವಿಶಾಲ ಸರ್ ಒಂದೊಂದೇ ಬ್ಯಾಗು ತೂಗುತ್ತಿದ್ದರು. ಎಂಟು ದಾಟಿದವರು ಅಲ್ಲೇ ಕೂತು ಸಾಮಾನು ತೆಗೆಯಬೇಕು. ಒಂಬತ್ತಾದ ಹುಡುಗಿಯೊಬ್ಬಳ ಬ್ಯಾಗಿನಿಂದ ಚಕ್ಕುಲಿಯ ಡಬ್ಬಿ ಬಂದಾಗ ಅವಳ ಅಪ್ಪ ದೂರ ನೋಡುತ್ತಿದ್ದ. ರಾಜಶೇಖರನಿಗೆ ಅವನ ಮೇಲೆ ಪ್ರೀತಿ ಉಕ್ಕಿತು.

ಸೌಂದರ್ಯಾಳ ಬ್ಯಾಗು ಏರಿತು. ಮುಳ್ಳು ತುಯ್ದಾಡಿ ಎಂಟಕ್ಕೆ ನಿಂತಿತು.

"ಭೇಷ್," ಎಂದರು ಸರ್.

ಅವಳು ಬ್ಯಾಗು ಹೊತ್ತು ಬಸ್ಸಿನ ಕಡೆ ಹೊರಟಳು. ಅಮ್ಮನನ್ನು ತಬ್ಬಿಕೊಂಡಳು. ಅಪ್ಪನ ಕೈ ಹಿಡಿದು ಬಿಟ್ಟಳು. ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟವಳು ಹಿಂದಿರುಗಿ ಬಂದು ಅವನ ಮುಂದೆ ಅಂಗೈ ಚಾಚಿದಳು.

"ಕೊಸರು?"

ರಾಜಶೇಖರ ಗಾಬರಿಯಾದ. ಮೇಲಿನ ಜೇಬಿಗೆ ಕೈ ಹಾಕಿದ, ಏನಿಲ್ಲ. ಬದಿಯ ಜೇಬಿಗೆ ಹಾಕಿದ, ಏನಿಲ್ಲ. ಬೇಕೆಂದಾಗ ಕೊಡಲು ತನ್ನ ಹತ್ತಿರ ಏನೂ ಇಲ್ಲವಲ್ಲ ಎಂದು ಮತ್ತೆ ಅದೇ ಜೇಬು ತಡಕಾಡಿದ. ಕೊನೆಗೆ ಜೇಬಿನ ಮೂಲೆಯ ಹೊಲಿಗೆಯಲ್ಲಿ ಬೆರಳಿಗೆ ಏನೋ ತಾಗಿತು. ಎಷ್ಟು ಝಾಡಿಸಿದರೂ ಬೀಳದೆ ಸಿಕ್ಕಿಕೊಂಡಿದ್ದ ನಾಲ್ಕು ಹೆಸರು ಕಾಳು. ಉಗುರಿನಿಂದ ಬಿಡಿಸಿ, ಒಂದೊಂದಾಗಿ ಅವಳ ಅಂಗೈಯಲ್ಲಿಟ್ಟ.

"ಏನದು ಸೌಂದರ್ಯಾ, ತೂಕ ಆದ ಮ್ಯಾಲ?" ಎಂದರು ವಿಶಾಲ ಸರ್, ನಗುತ್ತ.

ಅವಳು ಮುಷ್ಟಿ ಮುಚ್ಚಿದಳು. "ಇದು ತೂಕದಾಗ ಹಿಡಿಯೂದಿಲ್ರಿ ಸರ್," ಎಂದಳು. ನಾಲ್ಕೂ ಕಾಳು ಬಾಯಿಗೆ ಹಾಕಿಕೊಂಡು ಬಸ್ಸು ಹತ್ತಿದಳು.